ನೂರ ಅರವತ್ತು ಕುರ್ಚಿಯ ಮದುವೆ

ಮನೆಯ ಪಕ್ಕದ ಓಣಿಯಲ್ಲಿ ಸ್ಟ್ರೆಚರ್ ಸಿಕ್ಕಿಹಾಕಿಕೊಂಡಿತು. ಮುಂದೆ ಹಿಡಿದಿದ್ದ ಇಬ್ಬರು ಹಿತ್ತಿಲಿನ ಗೇಟಿಗೆ ತಿರುಗಬೇಕು. ಹಿಂದೆ ಹಿಡಿದಿದ್ದ ಇಬ್ಬರು ಗೋಡೆಯ ಪೈಪಿಗೆ ಒರಗಿ, ಅತ್ತ ಹೋಗಲಾರದೆ ಇತ್ತ ಬರಲಾರದೆ ನಿಂತಿದ್ದರು. ಗೇಟು ಮುಕ್ಕಾಲು ತೆರೆದು ಅಲ್ಲಿಗೇ ನಿಲ್ಲುತ್ತಿತ್ತು.

"ಸ್ವಲ್ಪ ಮೇಲೆತ್ತಿ."

"ಎತ್ತಿದ್ರೆ ತಲೆ ಕಡೆ ವಾಲುತ್ತೆ. ನಿಧಾನ."

"ಗೇಟನ್ನೇ ತೆಗೀಬೇಕು," ಎಂದರು ಭಾವ, ಕತ್ತಿನ ಬೆವರು ಒರೆಸಿಕೊಳ್ಳುತ್ತ. "ಯಾರಾದ್ರೂ ನಮ್ಮ ಬಾಮೈದನ್ನ ಕರೀರಿ. ಸ್ಪ್ಯಾನರ್ ತಗೊಂಡು ಬಾ ಅನ್ನಿ. ಅವನಿಗೆ ಎರಡು ನಿಮಿಷದ ಕೆಲಸ."

ಬಾಮೈದ ಸ್ಟ್ರೆಚರಿನ ಮೇಲೆಯೇ ಇದ್ದ. ಭಾವನವರಿಗೂ ಅದು ಹೊಳೆಯಿತು. ಅವರು ಒರೆಸಿದ ಕತ್ತನ್ನೇ ಮತ್ತೆ ಒರೆಸಿದರು. ನಲವತ್ತು ವರ್ಷದ ಅಭ್ಯಾಸ. ನಿನ್ನೆ ಮಧ್ಯಾಹ್ನ ಸತ್ತ ಎಂದ ಮಾತ್ರಕ್ಕೆ ಇವತ್ತು ಬೆಳಿಗ್ಗೆ ಬಿಟ್ಟುಹೋಗುತ್ತದೆಯೇ. ಕೊನೆಗೆ ಕುರ್ಚಿ ಇಳಿಸಲು ಬಂದಿದ್ದ ಶಾಮಿಯಾನದವನು ತನ್ನ ಗಾಡಿಯಿಂದ ಸ್ಪ್ಯಾನರ್ ತಂದು ಗೇಟು ಬಿಚ್ಚಿದ. ಅವನಿಗೆ ಕಾಲು ಗಂಟೆ ಹಿಡಿಯಿತು.

ಸತ್ತವನನ್ನು ಬೀದಿಯ ಮಕ್ಕಳಿಂದ ಹಿಡಿದು ಎಲ್ಲರೂ ರಿಪೇರಿ ಮಾವ ಎನ್ನುತ್ತಿದ್ದರು. ಉಳಿದವರನ್ನು ಅವನು ಕರೆಯುತ್ತಿದ್ದ ಹಾಗೆಯೇ ಕರೆದರೆ ಗೊಂದಲವಿಲ್ಲ. ಅಕ್ಕ ಎಂದರೆ ಅವನ ಒಡಹುಟ್ಟು, ಈ ಮನೆಯ ಒಡತಿ. ಭಾವ ಎಂದರೆ ಅವಳ ಗಂಡ, ನೀರು ಸರಬರಾಜು ಕಚೇರಿಯ ಲೆಕ್ಕದ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕೂತು ಎದ್ದವರು. ಹುಡುಗಿ ಎಂದರೆ ಅವರ ಒಬ್ಬಳೇ ಮಗಳು. ಅವಳ ಮದುವೆಗೆ ಇನ್ನು ಹತ್ತೊಂಬತ್ತು ದಿನ ಇತ್ತು. ಮುಂದಿನ ಕೋಣೆಯ ತುಂಬ ಮದುವೆಯ ತಟ್ಟೆ ಲೋಟ, ಬಟ್ಟೆಯ ಗಂಟು. ಅಲ್ಲಿ ಹೆಣ ಇಡಲು ಜಾಗವಿಲ್ಲದ್ದಕ್ಕೇ ಹಿತ್ತಿಲಿಗೆ ತಂದದ್ದು.

ಹಿತ್ತಿಲು ಬಯಲಾಗಿತ್ತು. ಮರವಿಲ್ಲ, ಗಿಡವಿಲ್ಲ, ನೆಲ ಮಟ್ಟ ಮಾಡಿ ಆಗಿತ್ತು. ಕಾಂಪೌಂಡಿನ ಹತ್ತಿರ ಒಂದು ತುಂಡು ಸಿಮೆಂಟಿನ ನೆಲ ಮಾತ್ರ ಮಣ್ಣಿನಿಂದ ಎರಡು ಗೇಣು ಮೇಲೆ ಎದ್ದು ಕಾಣುತ್ತಿತ್ತು.

"ಅಲ್ಲಿ ಇಡಿ," ಎಂದಳು ಅಕ್ಕ.

ಭಾವ ಅವಳ ಕಿವಿಯ ಬಳಿ ಬಗ್ಗಿದರು. "ಅದು ಸ್ಟೇಜು ಕಣೇ."

"ಅದು ಅವನ ರೂಮು," ಎಂದಳು ಅಕ್ಕ.

*

ಅದು ನಿಜವಾಗಿಯೂ ಅವನ ರೂಮಾಗಿತ್ತು. ತಗಡಿನ ಸೂರು, ಇಟ್ಟಿಗೆಯ ಅರ್ಧ ಗೋಡೆ, ಒಂದು ಮಂಚ. ಮದುವೆಯಾಗದ ತಮ್ಮ ಅಕ್ಕನ ಹಿತ್ತಿಲಿನಲ್ಲಿ ಇಪ್ಪತ್ತಾರು ವರ್ಷ ಅದರಲ್ಲೇ ಕಳೆದಿದ್ದ. ಪೇಟೆಯಲ್ಲಿ ಅವನದೊಂದು ಅಂಗಡಿ. ಸುಟ್ಟುಹೋದ ಫ್ಯಾನು, ಮಿಕ್ಸಿ, ನೀರಿನ ಮೋಟಾರುಗಳನ್ನು ಬಿಚ್ಚಿ ಒಳಗಿನ ತಾಮ್ರದ ತಂತಿಯನ್ನು ಹೊಸದಾಗಿ ಸುತ್ತಿ, ಮೇಲೆ ವಾರ್ನಿಶ್ ಹಚ್ಚಿ ಕೊಡುತ್ತಿದ್ದ. ಸುತ್ತುವಾಗ ಸುತ್ತು ಎಣಿಸಬೇಕು. ಒಂದು ತಪ್ಪಿದರೂ ಮೊದಲಿನಿಂದ. ಆಗ ಯಾರು ಮಾತಾಡಿಸಿದರೂ ಉತ್ತರ ಕೊಡುತ್ತಿರಲಿಲ್ಲ, ಎಡಗೈಯ ಒಂದು ಬೆರಳು ಎತ್ತುತ್ತಿದ್ದ. ಸ್ವಲ್ಪ ತಾಳಿ ಎಂದು ಅರ್ಥ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಹಾಲ್ ಬಾಡಿಗೆ ಒಂದು ಲಕ್ಷ ಇಪ್ಪತ್ತು ಸಾವಿರ ಎಂದು ಕೇಳಿದ ದಿನ ಭಾವ ಸರಿಯಾಗಿ ಊಟ ಮಾಡಲಿಲ್ಲ. ಮರುದಿನ ಗೆರೆ ಹಾಕಿದ ನೋಟ್‌ಬುಕ್ ತೆಗೆದು ಊಟದ ಮೇಜಿನ ಮೇಲೆ ಇಟ್ಟರು.

"ಹಿತ್ತಿಲಲ್ಲೇ ಮಾಡೋಣ. ಬಾಡಿಗೆ ಉಳೀತು. ಈಗ ಒಂದೊಂದೇ ಹೇಳ್ತಾ ಹೋಗ್ತೀನಿ. ಲೈಟಿಂಗು?"

"ನಾನಿದೀನಲ್ಲ ಭಾವ," ಎಂದ ರಿಪೇರಿ ಮಾವ.

"ನೀರಿಗೆ ಮೋಟಾರು, ಪೈಪು?"

"ನಾನಿದೀನಲ್ಲ."

"ಮೈಕ್ ಸೆಟ್ಟು? ನೆಲ ಮಟ್ಟ ಮಾಡೋದು? ಸಾಮಾನು ತರೋ ಗಾಡಿ? ಕರೆಂಟು ಹೋದ್ರೆ ಜನರೇಟರು?"

"ಅದೇನು ಅಷ್ಟೊಂದು ಕೇಳ್ತೀರಿ. ಎಲ್ಲಾದಕ್ಕೂ ಸೊನ್ನೆ ಹಾಕ್ಕೊಂಡು ಹೋಗಿ."

ಭಾವ ಹಾಕಿಕೊಂಡು ಹೋದರು. ಒಟ್ಟು ಹನ್ನೊಂದು ಸೊನ್ನೆ. ಅವರ ಸೊನ್ನೆಗಳು ದುಂಡಗೆ ಮುದ್ದಾಗಿರುತ್ತಿದ್ದವು. ಹುಡುಗಿ ಅದನ್ನು ನೋಡಿ, "ಮಾವ, ಇಷ್ಟೊಂದು ಅಗ್ಗ ಆಗ್ಬೇಡ, ಆಮೇಲೆ ಎಲ್ಲರೂ ನಿನ್ನೇ ಕೇಳ್ತಾರೆ," ಎಂದಳು. "ಕೇಳಲಿ ಬಿಡೇ, ಬೇಡ ಅಂದವರು ಯಾರು," ಎಂದು ಅವನು ನಕ್ಕ.

ಮುಂದಿನದು ಜನರ ಲೆಕ್ಕ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುವ ಕಷ್ಟ ಎಲ್ಲರ ಮನೆಯದೂ. ಹಿತ್ತಿಲಿನಲ್ಲಿ ಎಂಬತ್ತು ಕುರ್ಚಿಗಿಂತ ಹೆಚ್ಚು ಹಿಡಿಯುವಂತಿರಲಿಲ್ಲ. ಸ್ಟೇಜಿಗೆ ಬೇರೆ ಜಾಗ ಬಿಡಬೇಕು, ಜೊತೆಗೆ ರೂಮು ಅಡ್ಡ.

"ರೂಮು ತೆಗೆದ್ರೆ ನೂರ ಅರವತ್ತು ಹಿಡಿಯುತ್ತೆ," ಎಂದ ರಿಪೇರಿ ಮಾವ. "ಅಳತೆ ಮಾಡಿ ನೋಡಿದೀನಿ."

"ನೀನೆಲ್ಲಿ ಮಲಗ್ತೀಯೋ?" ಎಂದಳು ಅಕ್ಕ.

"ಅಂಗಡೀಲಿ. ಮದುವೆ ಮುಗಿದ ಮೇಲೆ ಮತ್ತೆ ನಾಲ್ಕು ತಗಡು ನಿಲ್ಲಿಸಿದ್ರಾಯ್ತು. ಸಿಮೆಂಟು ನೆಲ ಹಾಗೇ ಬಿಡೋಣ, ಸ್ಟೇಜಿಗೆ ಹೇಳಿ ಮಾಡಿಸಿದ ಹಾಗಿದೆ."

ಅಕ್ಕ ಬೇಡ ಎನ್ನಬಹುದಿತ್ತು. ಎಂಬತ್ತು ಕುರ್ಚಿಯ ಮದುವೆಯಲ್ಲಿ ತನ್ನ ಕಡೆಯವರು ಯಾರನ್ನು ಬಿಡುವುದು ಎಂದು ವಾರದಿಂದ ಲೆಕ್ಕ ಹಾಕಿ ಸಾಕಾಗಿದ್ದವಳು ಸುಮ್ಮನಾದಳು.

ಭಾವ ಬರೆದರು. ಗಂಡಿನ ಕಡೆ ಎಪ್ಪತ್ತು. ತಮ್ಮ ಕಡೆ ನಲವತ್ತು. ಅಕ್ಕನ ಕಡೆ ಮೂವತ್ತು. ಹುಡುಗಿಯ ಸ್ನೇಹಿತರು ಇಪ್ಪತ್ತು. ಅಲ್ಲಿಗೆ ನೂರ ಅರವತ್ತು ಮುಗಿಯಿತು. ಮುಗಿದ ಮೇಲೆ ಪೆನ್ಸಿಲ್ ಎತ್ತಿ ಕೇಳಿದರು.

"ನಿನ್ನ ಕಡೆಯವರು ಎಷ್ಟು ಜನ ಆಗ್ತಾರಪ್ಪ?"

ರಿಪೇರಿ ಮಾವ ಆ ಪಟ್ಟಿಯ ಕೊನೆಯ ಗೆರೆ ನೋಡಿದ. "ನನ್ನ ಕಡೆ ಯಾರಿದಾರೆ ಭಾವ. ನೆಂಟರೆಲ್ಲ ಅಕ್ಕನ ಲೆಕ್ಕದಲ್ಲೇ ಬಂದ್ರು. ಸೊನ್ನೆ ಹಾಕಿ."

ಮೂರು ಭಾನುವಾರ ಒಬ್ಬನೇ ಕೂತು ರೂಮು ಬಿಚ್ಚಿದ. ಹಳೆಯ ತಗಡು ಮಾರಿ ಬಂದ ಎರಡು ಸಾವಿರದ ನಾನೂರನ್ನು ತಂದು ಭಾವನ ಕೈಯಲ್ಲಿಟ್ಟ. ಆ ನೋಟ್‌ಬುಕ್ಕಿನ ಜಮೆಯ ಕಡೆ ಇದ್ದದ್ದು ಅದೊಂದೇ.

*

ಹತ್ತು ಗಂಟೆಗೆ ಜನ ಬರತೊಡಗಿದರು. ಮೊದಲು ಬೀದಿಯವರು. ಆಮೇಲೆ ಬಂದವರನ್ನು ಮನೆಯವರು ಯಾರೂ ಕಂಡಿರಲಿಲ್ಲ. ಕ್ಷೌರಿಕ, ಹಿಟ್ಟಿನ ಗಿರಣಿಯವನು, ಲಾಂಡ್ರಿಯ ಗಂಡ ಹೆಂಡತಿ, ಸೈಕಲ್ಲಿನಲ್ಲಿ ಬ್ರೆಡ್ ಮಾರುವವನು, ಆಸ್ಪತ್ರೆಯ ಬಟ್ಟೆ ಒಗೆಯುವ ಮೆಷಿನ್ ನೋಡಿಕೊಳ್ಳುವ ಇಬ್ಬರು ಸಮವಸ್ತ್ರದಲ್ಲೇ. ಬಂದರು, ಮುಖ ನೋಡಿದರು, ಕಾಂಪೌಂಡಿನ ಪಕ್ಕ ನಿಂತರು. ಯಾರೂ ಬೇಗ ಹೋಗಲಿಲ್ಲ. ಭಾವ ಅಭ್ಯಾಸಬಲದಿಂದ ಎಣಿಸಲು ಶುರುಮಾಡಿ ಎಪ್ಪತ್ತಕ್ಕೆ ಲೆಕ್ಕ ತಪ್ಪಿದರು.

"ಇವರೆಲ್ಲ ಯಾರು?" ಎಂದು ಎದುರುಮನೆಯ ಟೀಚರಮ್ಮ ಕೇಳಿದರು.

"ಗೊತ್ತಿಲ್ಲ," ಎಂದಳು ಅಕ್ಕ. ಅದನ್ನು ಹೇಳುವಾಗ ಅವಳಿಗೆ ನಾಚಿಕೆಯಾಯಿತು.

ಕುರ್ಚಿ ಸಾಲದೆ ಶಾಮಿಯಾನದವನು ಇನ್ನೊಂದು ಗಾಡಿ ತರಿಸಿದ. ಆಮೇಲೆ ಭಾವನನ್ನು ಪಕ್ಕಕ್ಕೆ ಕರೆದ. ಮುಖ ಸಣ್ಣದು ಮಾಡಿಕೊಂಡಿದ್ದ.

"ಇವತ್ತು ಕೇಳಬಾರದು ಸಾರ್. ಆದ್ರೆ ಮದುವೆ ದಿನಕ್ಕೆ ನನ್ನ ದೊಡ್ಡ ಶಾಮಿಯಾನ ಇನ್ನೊಬ್ರು ಕೇಳ್ತಾ ಇದಾರೆ. ನಿಮ್ಮದು ಇದೆಯೋ ಇಲ್ವೋ, ಸಂಜೆಯೊಳಗೆ ಒಂದು ಮಾತು ಹೇಳಿಬಿಡಿ."

ಅಷ್ಟರಲ್ಲಿ ಬೀಗರು ಬಂದರು. ಹುಡುಗನ ತಂದೆ, ಬಸ್ಸು ಓಡಿಸಿ ನಿವೃತ್ತರಾದವರು, ಮಾತು ಕಮ್ಮಿ. ಹುಡುಗ ಸರಕು ಹಡಗಿನಲ್ಲಿ ಕೆಲಸಕ್ಕಿದ್ದ. ಮುಂದಿನ ವಾರ ಬಂದಿಳಿಯುವವನು, ಒಂದು ತಿಂಗಳು ಇದ್ದು ಹೋದರೆ ಮತ್ತೆ ರಜೆ ಹದಿನಾಲ್ಕು ತಿಂಗಳ ಮೇಲೆ. ಇದು ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಡುಗೆಮನೆಯಲ್ಲಿ ಬಾಗಿಲು ಮುಂದೆ ಮಾಡಿ ನಾಲ್ವರು ನಿಂತರು.

"ನಿಮ್ಮ ಮನಸ್ಸು ಹೇಗೋ ಹಾಗೆ," ಎಂದರು ಬೀಗರು. "ಮಾಡಿದ್ರೂ ಸರಿ, ಮುಂದಕ್ಕೆ ಹಾಕಿದ್ರೂ ಸರಿ. ನಮ್ಮ ಕಡೆಯಿಂದ ಒತ್ತಾಯ ಇಲ್ಲ."

ಭಾವ ನೋಟ್‌ಬುಕ್ ತೆರೆದರು. ಬೆಳಿಗ್ಗೆ ಯಾವಾಗಲೋ ಬಚ್ಚಲಲ್ಲಿ ನಿಂತು ನಾಲ್ಕು ಕಡೆ ಫೋನ್ ಮಾಡಿದ್ದರು. "ಲೈಟಿಂಗಿಗೆ ಇಪ್ಪತ್ತೆಂಟು ಸಾವಿರ ಅಂತಾರೆ. ಜನರೇಟರು ಹನ್ನೆರಡು. ಮೈಕು ಒಂಬತ್ತು. ಗಾಡಿ, ನೀರು, ಆಳು..." ಅವರ ದನಿ ಒಡೆಯಿತು. ದುಡ್ಡಿಗೋ ಬಾಮೈದನಿಗೋ ಅವರಿಗೇ ತಿಳಿಯಲಿಲ್ಲ. "ತೊಂಬತ್ತಾರು ಸಾವಿರ. ಸೊನ್ನೆ ಅಂತ ಬರೆದಿದ್ದೆ ನಾನು. ಎಲ್ಲಿಂದ ತರಲಿ?"

"ಅಪ್ಪ, ಲೈಟು ಬೇಡ. ಹಗಲು ಹೊತ್ತು ಮಾಡೋಣ," ಎಂದಳು ಹುಡುಗಿ. "ಮೈಕೂ ಬೇಡ. ಮಾವನಿಗೆ ಈ ಮದುವೆ ಎಷ್ಟು ಆಸೆ ಇತ್ತು ಅಂತ ನಿಮಗೆಲ್ಲ ಗೊತ್ತು." ಆಮೇಲೆ ತಲೆ ತಗ್ಗಿಸಿ, "ನನಗೂ ಆಸೆ ಇದೆ. ಸುಳ್ಳು ಯಾಕೆ ಹೇಳಲಿ," ಎಂದಳು.

ಎಲ್ಲರೂ ಅಕ್ಕನನ್ನು ನೋಡಿದರು. ಸತ್ತವನು ಅವಳ ತಮ್ಮ. ಅವಳು ಹೂಂ ಎಂದರೆ ಉಂಟು, ಉಹೂಂ ಎಂದರೆ ಇಲ್ಲ.

"ನಡೆಯಲ್ಲ," ಎಂದಳು ಅಕ್ಕ. "ಎಂಬತ್ತು ಕುರ್ಚಿ ಜಾಸ್ತಿ ಹಾಕೋಕೆ ಅವನ ಸೂರು ಕೀಳಿಸಿದೆ. ಅಂಗಡೀಲಿ, ಆ ವಾರ್ನಿಶ್ ವಾಸನೇಲಿ, ಒಬ್ಬನೇ ಸತ್ತ. ಅವನು ಈಗ ಮಲಗಿರೋ ನೆಲದ ಮೇಲೆ ನಿನ್ನ ನಿಲ್ಲಿಸಿ ನಾನು ನಗ್ತಾ ನೋಡೋದಾ? ಆಗಲ್ಲ ಕಣೆ. ಹದಿನಾಲ್ಕು ತಿಂಗಳು ಏನು ಮಹಾ, ಕಾಯಿ."

ಬೀಗರು ಟೀ ಲೋಟ ತೊಳೆದು ಬೋರಲು ಹಾಕಿದರು.

*

ಸ್ಟೇಜಿನ ಅಳತೆ ನೋಡಿದ್ದು ಎರಡು ವಾರದ ಹಿಂದೆ. ಒಂಬತ್ತಡಿ ಅಗಲ, ಹನ್ನೊಂದಡಿ ಉದ್ದ. ಎಷ್ಟು ಜನ ನಿಲ್ಲಬಹುದು ಎಂಬುದು ಪ್ರಶ್ನೆ. ಕಾಗದದ ಮೇಲಿನ ಅಂದಾಜನ್ನು ರಿಪೇರಿ ಮಾವ ನಂಬುವವನಲ್ಲ. ಚಾಲೂ ಮಾಡಿ ನೋಡದೆ ಯಾವ ಮೋಟಾರನ್ನೂ ಗಿರಾಕಿಗೆ ಕೊಟ್ಟವನಲ್ಲ. ಮನೆಯವರನ್ನೆಲ್ಲ ಹೊರಗೆ ಕರೆದು ನೆಲದ ಮೇಲೆ ನಿಲ್ಲಿಸಿದ.

"ಹುಡುಗಿ ಇಲ್ಲಿ. ಅಕ್ಕ ಭಾವ ಈ ಕಡೆ. ಟೀಚರಮ್ಮ, ನೀವು ಸ್ವಲ್ಪ ಹೊತ್ತು ಬೀಗಿತ್ತಿ ಆಗಿ."

"ಗಂಡು ಯಾರೋ?" ಎಂದಳು ಅಕ್ಕ.

ಸುತ್ತ ನೋಡಿದ. ಬೇರೆ ಯಾರೂ ಇರಲಿಲ್ಲ. ಗ್ರೀಸು ಹತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತಾನೇ ಬಂದು ಹುಡುಗಿಯ ಪಕ್ಕ ನೆಟ್ಟಗೆ ನಿಂತ.

"ಅರವತ್ತೊಂದನೇ ವಯಸ್ಸಿಗೆ ಅಂತೂ ಮದುವೆ ಸ್ಟೇಜು ಹತ್ತಿದೆ ನೋಡೇ ಅಕ್ಕ. ಫೋಟೋ ತೆಗೆಸಿಬಿಡು, ಇನ್ನೊಂದು ಸಲ ಸಿಗಲ್ಲ ಈ ಜಾಗ."

ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಕ್ಕು ಮುಗಿದ ಮೇಲೂ ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತು ಖಾಲಿ ಹಿತ್ತಿಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಯಾರು ಯಾರು ಎಲ್ಲೆಲ್ಲಿ ಕೂರುತ್ತಾರೆ ಎಂದು ನೋಡುತ್ತಿದ್ದಾನೆ ಎಂದು ಅಕ್ಕ ಅಂದುಕೊಂಡಳು.

"ಎಂಟು ಜನ ಧಾರಾಳ," ಎಂದು ಇಳಿದು ಬಂದ.

*

ಮಣ್ಣಿಗೆ ಹೋದವರು ನಾಲ್ಕೂವರೆಗೆ ಹಿಂತಿರುಗಿದರು. ಮನೆಯವರು ಕೈಕಾಲು ತೊಳೆದರು. ಸಿಮೆಂಟಿನ ನೆಲ ಖಾಲಿಯಾಗಿತ್ತು. ಯಾರೋ ನೀರು ಹಾಕಿ ತೊಳೆದಿದ್ದರು, ಇನ್ನೂ ಆರಿರಲಿಲ್ಲ. ಟೀಚರಮ್ಮ ದೊಡ್ಡ ಪಾತ್ರೆಯಲ್ಲಿ ಟೀ ಮಾಡಿ ತಂದಿದ್ದರು. ಹೊರಗಿನ ಜನ ಇನ್ನೂ ಹೋಗಿರಲಿಲ್ಲ. ಅಕ್ಕ ಲೋಟಗಳ ತಟ್ಟೆ ಹಿಡಿದು ಅವರ ನಡುವೆ ಹೋದಳು.

ಹಾಸ್ಟೆಲಿನ ಅಡುಗೆಯವಳು ಒಂದು ಮೂಲೆಯಲ್ಲಿ ಕೂತಿದ್ದಳು. ನಿನ್ನೆ ಅಂಗಡಿಯಲ್ಲಿ ಅವನನ್ನು ಮೊದಲು ನೋಡಿದವಳು ಅವಳೇ.

"ತಪ್ಪು ತಿಳ್ಕೋಬೇಡಿ ಅಮ್ಮ," ಎಂದಳು. "ಮಿಕ್ಸಿ ತಗೊಂಡು ಹೋಗೋಣ ಅಂತ ಬಂದೆ. ತಂತಿ ಕೈಲಿ ಹಿಡಿದು ತಲೆ ಬಗ್ಗಿಸಿ ಕೂತಿದ್ರು. ಎಣಿಸ್ತಾ ಇದಾರೆ ಅಂದ್ಕೊಂಡೆ. ಮಾತಾಡಿಸಿದ್ರೆ ಲೆಕ್ಕ ತಪ್ಪುತ್ತೆ ಅಂತ ಹತ್ತು ನಿಮಿಷ ಸುಮ್ಮನೆ ನಿಂತಿದ್ದೆ. ಆಗಲೇ ಕೂಗಿದ್ರೆ ಏನಾದ್ರೂ ಆಗ್ತಿತ್ತೇನೋ ಅಂತ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ."

"ಡಾಕ್ಟ್ರು ಹೇಳಿದ್ರು, ಒಂದೇ ಏಟಿಗೆ ಅಂತ. ನೀವೇನೂ ಮಾಡೋ ಹಾಗಿರಲಿಲ್ಲ," ಎಂದಳು ಅಕ್ಕ. ಆಮೇಲೆ ಕೇಳಿದಳು. "ಅವನ ಹತ್ತಿರ ಯಾರೂ ಇರಲಿಲ್ಲ, ಒಬ್ಬನೇ ಅಂದ್ಕೊಂಡಿದ್ದೆ. ನೀವು ನಿಂತಿದ್ರಿ ಅಲ್ವಾ."

"ನಿಂತಿದ್ದೆ ಅಮ್ಮ."

ಅಕ್ಕ ಅವಳ ಪಕ್ಕ ಕೂತಳು. ಕ್ಷೌರಿಕ ಟೀ ಮುಗಿಸಿ ಸಿಮೆಂಟಿನ ನೆಲದ ಹತ್ತಿರ ಹೋಗಿ ಹೆಜ್ಜೆಯಿಂದ ಅಳೆಯುತ್ತಿದ್ದ.

"ಇದೇ ಅಲ್ವಾ ಅಮ್ಮ ಸ್ಟೇಜು? ಒಂಬತ್ತು ಹನ್ನೊಂದು. ಎಂಟು ಜನ ಹಿಡೀತಾರೆ ಅಂತಿದ್ದ."

"ನಿಮಗೆ ಹೇಗೆ ಗೊತ್ತು?"

"ಹೇಗೆ ಅಂದ್ರೆ? ಮೂರು ತಿಂಗಳಿಂದ ಅವನ ಬಾಯಲ್ಲಿ ಬೇರೆ ಮಾತಿತ್ತಾ? ಆ ಮೂಲೇಲಿ ಅಡುಗೆ, ಈ ಗೋಡೆಗೆ ಲೈಟಿನ ಸರ, ಗೇಟಿನಿಂದ ಬರೋರಿಗೆ ಬಿಸಿಲು ಬೀಳಬಾರದು ಅಂತ ಅಲ್ಲೊಂದು ಪರದೆ. ಶೇವಿಂಗಿಗೆ ಕೂತ್ರೆ ಸೋಪು ಒಣಗಿದ್ರೂ ಮಾತು ಮುಗೀತಿರಲಿಲ್ಲ. ಹುಡುಗ ಹಡಗಿನಲ್ಲಿರೋದು ನಮ್ಮೆಲ್ಲರಿಗೂ ಗೊತ್ತು. ನಮ್ಮನ್ನೂ ಕರೆಯೋ ಮಾರಾಯ ಅಂದ್ವಿ."

"ಏನಂದ?"

ಕ್ಷೌರಿಕ ಮತ್ತೆ ಹೆಜ್ಜೆ ಅಳೆಯತೊಡಗಿದ. ಹಾಸ್ಟೆಲಿನ ಅಡುಗೆಯವಳೇ ಹೇಳಿದಳು.

"ಕುರ್ಚಿ ನೂರ ಅರವತ್ತೇ ಅಂತೆ. ನಿಮ್ಮನ್ನೆಲ್ಲ ಕರೆದ್ರೆ ನಮ್ಮ ಭಾವನ ಲೆಕ್ಕ ಕೆಡುತ್ತೆ, ಬೇಜಾರು ಮಾಡ್ಕೋಬೇಡಿ ಅಂದ್ರು. ನಾವೇನೂ ಬೇಜಾರು ಮಾಡ್ಕೊಳ್ಳಲಿಲ್ಲ ಅಮ್ಮ. ಅವರೇ ಎರಡು ದಿನ ಮಂಕಾಗಿದ್ರು."

ಅಕ್ಕನಿಗೆ ಅಳು ಬಂತು. ಬೆಳಗಿನಿಂದ ಬಂದಿರಲಿಲ್ಲ. ಹಾಸ್ಟೆಲಿನ ಅಡುಗೆಯವಳು ಅವಳ ಬೆನ್ನಿನ ಮೇಲೆ ಕೈಯಿಟ್ಟು ಕೂತಳು, ಅಕ್ಕ ಅತ್ತು ಮುಗಿಯುವವರೆಗೂ ತೆಗೆಯಲಿಲ್ಲ.

ಆರು ಗಂಟೆಯ ಹೊತ್ತಿಗೆ ಜನ ಎದ್ದರು. ಶಾಮಿಯಾನದವನು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿ ಗಾಡಿಗೆ ಏರಿಸುತ್ತ, ಭಾವನ ಮುಖವನ್ನು ನೋಡಿಯೂ ನೋಡದ ಹಾಗೆ ಓಡಾಡುತ್ತಿದ್ದ. ಭಾವ ಅವನ ಹತ್ತಿರ ಹೋಗಿ, ಇಲ್ಲಪ್ಪ ಎನ್ನಲು ಬಾಯಿ ತೆರೆದರು.

"ರೀ," ಎಂದು ಅಕ್ಕ ಕೂಗಿದಳು. ಅವಳು ಓಣಿಯ ತುದಿಯಲ್ಲಿ, ಬಿಚ್ಚಿಟ್ಟ ಗೇಟಿನ ಪಕ್ಕ ನಿಂತಿದ್ದಳು. "ಅವರಿಗೆ ಶಾಮಿಯಾನ ಹಾಕೋಕೆ ಹೇಳಿ. ಅದೇ ದಿನಕ್ಕೆ."

ಭಾವನಿಗೆ ಸರಿಯಾಗಿ ಕೇಳಿಸಲಿಲ್ಲವೋ, ಕೇಳಿಸಿದ್ದನ್ನು ನಂಬಲಿಲ್ಲವೋ. ಹತ್ತಿರ ಬಂದರು. ಅಕ್ಕ ಆಗಲೇ ಕ್ಷೌರಿಕನನ್ನು ನಿಲ್ಲಿಸಿಕೊಂಡಿದ್ದಳು.

"ಹತ್ತೊಂಬತ್ತು ದಿನಕ್ಕೆ ಮದುವೆ. ಹಗಲು ಹೊತ್ತು. ನೀವು ಮನೆಯವರನ್ನ ಕರ್ಕೊಂಡು ಬರಬೇಕು."

ಕ್ಷೌರಿಕ ಭಾವನ ಕಡೆ ನೋಡಿದ. ಭಾವ ಆಕಾಶ ನೋಡಿದರು. ಲಾಂಡ್ರಿಯ ಗಂಡ ಹೆಂಡತಿ ಬಂದರು, ಅವರನ್ನೂ ಕರೆದಳು. ಹಿಟ್ಟಿನ ಗಿರಣಿಯವನನ್ನು ಕರೆದಳು. ಬ್ರೆಡ್ಡಿನವನು ಸೈಕಲ್ ತಳ್ಳಿಕೊಂಡು ಹೊರಟಿದ್ದವನು ಸ್ಟಾಂಡ್ ಹಾಕಿ ನಿಂತು ಕರೆಸಿಕೊಂಡ. ಹಿಂದಿನಿಂದ ಟೀಚರಮ್ಮ ಅವಳ ಭುಜ ಮುಟ್ಟಿದರು.

"ಸಾವಿನ ಮನೆ ಬಾಗಿಲಲ್ಲಿ ನಿಂತು ಯಾರಾದ್ರೂ ಮದುವೆಗೆ ಕರೀತಾರೇನ್ರೀ? ನೋಡಿದವರು ಏನಂದಾರು?"

"ಇವತ್ತು ಬಿಟ್ರೆ ಇವರ ಮನೆ ಎಲ್ಲಿದೆ ಅಂತ ಹೇಳೋರು ಯಾರಿದಾರೆ ಟೀಚರೇ? ಗೊತ್ತಿದ್ದವನು ಹೋದ."

"ಅಲ್ವೇ," ಎಂದರು ಭಾವ ಮೆಲ್ಲಗೆ, "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನೀನೇ ಹೇಳ್ತಿದ್ದೆ. ಕುರ್ಚಿ ನೂರ ಅರವತ್ತು."

"ನಿಂತ್ಕೋತಾರೆ."

"ಊಟ?"

"ಲೈಟು ಬೇಡ ಅಂದ್ಲಲ್ಲ ನಿಮ್ಮ ಮಗಳು. ಮೈಕೂ ಬೇಡ. ಆ ದುಡ್ಡಿಗೆ ಅನ್ನ ಬೇಯಿಸಿ."

"ಆ ದುಡ್ಡೇ ಇಲ್ವಲ್ಲೇ. ಅದು ಸೊನ್ನೆ."

"ಹಾಗಿದ್ರೆ ನನ್ನ ಬಳೆ ಇದೆ," ಎಂದು ಅಕ್ಕ ಮುಂದಿನವರ ಕಡೆ ತಿರುಗಿದಳು. ಒಳಗೆ ಬೀಗರು ಹುಡುಗಿಗೆ ಏನೋ ಹೇಳುತ್ತಿದ್ದರು. ಅವಳು ಅಳುತ್ತ ತಲೆಯಾಡಿಸುತ್ತಿದ್ದಳು.

ಕೊನೆಯಲ್ಲಿ ಒಬ್ಬ ಹೊರಗಿನಿಂದ ಬಂದ. ಮೂವತ್ತು ವಯಸ್ಸಿನವನಿರಬೇಕು, ಕೈಯಲ್ಲಿ ಒಂದು ಸಣ್ಣ ಚೀಟಿ. ಕುರ್ಚಿ ಏರಿಸುವುದನ್ನು ನೋಡಿ ಗೇಟಿನ ಹೊರಗೇ ನಿಂತುಬಿಟ್ಟ.

"ಕ್ಷಮಿಸಿ, ನನಗೆ ವಿಷಯ ಗೊತ್ತಿರಲಿಲ್ಲ. ಅಂಗಡಿ ಮುಚ್ಚಿತ್ತು, ಮನೆ ಇಲ್ಲಿದೆ ಅಂತ ಯಾರೋ ಅಂದ್ರು. ಟೇಬಲ್ ಫ್ಯಾನ್ ಕೊಟ್ಟಿದ್ದೆ. ಇನ್ನೊಂದು ದಿನ ಬರ್ತೀನಿ."

"ಫ್ಯಾನ್ ನಾಳೆ ಹುಡುಕಿಕೊಡ್ತೀವಿ. ಹತ್ತೊಂಬತ್ತು ದಿನಕ್ಕೆ ಮದುವೆ ಇದೆ. ನೀವೂ ಬನ್ನಿ."

ಅವನು ತಬ್ಬಿಬ್ಬಾದ. "ನಾನಾ? ಅವರು ನನಗೆ ಅಷ್ಟೇನೂ ಪರಿಚಯ ಇಲ್ಲ ಅಮ್ಮ. ಎರಡೇ ಸಲ ನೋಡಿದ್ದು."

"ಪರವಾಗಿಲ್ಲ. ಮನೇಲಿ ಎಷ್ಟು ಜನ ಇದೀರಿ?"

"ಮೂರು. ಅಮ್ಮನೂ ಇದಾರೆ."

ಭಾವ ನೋಟ್‌ಬುಕ್ ತೆರೆದರು. ನೂರ ಅರವತ್ತು ಎಂದು ಕೆಳಗೆ ಎರಡು ಗೆರೆ ಎಳೆದು ಮುಗಿಸಿದ್ದ ಹಾಳೆಯಲ್ಲಿ ಜಾಗವಿರಲಿಲ್ಲ. ಅದನ್ನು ಮಗುಚಿ ಹೊಸ ಹಾಳೆ ತೆಗೆದರು. ಕಾಂಪೌಂಡಿನ ಕಂಬಕ್ಕೆ ಆನಿಸಿಟ್ಟುಕೊಂಡು, ಮೇಲೆ "ಬಾಮೈದನ ಕಡೆಯವರು" ಎಂದು ದಪ್ಪಗೆ ಬರೆದರು. ಕ್ಷೌರಿಕ ಎಂದರು, ಲಾಂಡ್ರಿ ಎಂದರು, ಹಿಟ್ಟಿನ ಗಿರಣಿ ಎಂದರು, ಬೆಳಕು ಕಮ್ಮಿಯಾಗಿದ್ದರಿಂದ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಬರೆಯುತ್ತಲೇ ಹೋದರು. ಆಮೇಲೆ ತಲೆಯೆತ್ತಿ, ಬೀದಿಯ ತಿರುವಿನಲ್ಲಿ ಹೋಗುತ್ತಿದ್ದ ಆಸ್ಪತ್ರೆಯ ಸಮವಸ್ತ್ರದ ಇಬ್ಬರನ್ನು ಕಂಡು, ಒಂದು ಬೆರಳು ಎತ್ತಿ, ನಿಲ್ಲಿ ಎಂದು ಕೂಗುತ್ತ ಅವರ ಹಿಂದೆ ಓಡಿದರು.